ಮಗನ ಮೇಲೆ ಕಿರುಕುಳದ ದೂರು ಬಂದಾಗ ತಂದೆತಾಯಿ ಏನು ಮಾಡಬೇಕು?

ನಿಮ್ಮ ಮಗ ಮತ್ತು ಅವನ ಇಬ್ಬರು ಗೆಳೆಯರು ಸಹಪಾಠಿಯೊಬ್ಬನನ್ನು ಬಹಳ ದಿನಗಳಿಂದ ಗೋಳು ಹೊಯ್ದುಕೊಳ್ಳುತ್ತಿದ್ದಾರೆ ಎಂದು ಶಾಲೆಯಿಂದ ಕರೆ ಬಂದಿದೆ, ಅವನು ‘ಅದು ಬರೀ ತಮಾಷೆ’ ಎನ್ನುತ್ತಿದ್ದಾನೆ, ನಿಮ್ಮ ಯಜಮಾನರು ಶಾಲೆಯವರು ಬೇಕೆಂದೇ ಅವನನ್ನು ಗುರಿ ಮಾಡುತ್ತಿದ್ದಾರೆ ಎನ್ನುತ್ತಿದ್ದಾರೆ, ಮುಂದಿನ ವಾರದ ಭೇಟಿಯಲ್ಲಿ ಏನು ಮಾತನಾಡಬೇಕೆಂದೇ ತೋಚುತ್ತಿಲ್ಲ ಎಂದು ಬರೆದಿದ್ದೀರಿ. ನಾನು ಬಹಳ ವರ್ಷ ಶಿಕ್ಷಕಿಯಾಗಿದ್ದವಳು. ಇಂಥ ಭೇಟಿಗಳಲ್ಲಿ ಮೇಜಿನ ಆಚೆ ಬದಿಯಲ್ಲಿ ಕುಳಿತವಳು. ನಾನು ಕಂಡಂತೆ, ಶಾಲೆಗೆ ಹೋಗುವ ಮುನ್ನ ಮನೆಯಲ್ಲಿ ಮಗುವಿನೊಡನೆ ನಡೆಯುವ ಮಾತುಕತೆ ಹೇಗಿತ್ತು ಎನ್ನುವುದರ ಮೇಲೆಯೇ ಮುಂದಿನದು ಬಹುಮಟ್ಟಿಗೆ ನಿಂತಿರುತ್ತದೆ.

ದಯವಿಟ್ಟು ‘ನೀನು ಹಾಗೆ ಮಾಡಿದೆಯಾ?’ ಎಂದು ಕೇಳಬೇಡಿ. ಹೆದರಿದ ಮಗು ಆ ಪ್ರಶ್ನೆಗೆ ಇಲ್ಲ ಎಂದೇ ಹೇಳುತ್ತದೆ, ಮತ್ತು ಒಮ್ಮೆ ಹೇಳಿದ ಮೇಲೆ ಆ ‘ಇಲ್ಲ’ವನ್ನು ಉಳಿಸಿಕೊಳ್ಳುವುದರಲ್ಲೇ ಅದರ ಬುದ್ಧಿಯೆಲ್ಲ ಖರ್ಚಾಗುತ್ತದೆ. ಅದರ ಬದಲು, ತಂದೆತಾಯಿ ಇಬ್ಬರಲ್ಲಿ ಆ ಹೊತ್ತಿಗೆ ಸಮಾಧಾನದಿಂದ ಇರಬಲ್ಲವರೊಬ್ಬರು ಅವನ ಪಕ್ಕದಲ್ಲಿ ಕುಳಿತು, ಬಿಡುವಿನ ವೇಳೆಯಲ್ಲಿ ಎಲ್ಲಿರುತ್ತೀರಿ, ಯಾರು ಯಾರು ಇರುತ್ತೀರಿ, ಆ ಹುಡುಗ ಬಂದಾಗ ಮೊದಲು ಯಾರು ಏನು ಹೇಳುತ್ತಾರೆ, ಅವನು ಏನು ಮಾಡುತ್ತಾನೆ, ಆಗ ನೀನು ಎಲ್ಲಿರುತ್ತೀಯ ಎಂದು ಒಂದೊಂದಾಗಿ ಕೇಳಿ. ಮಧ್ಯೆ ಬಾಯಿ ಹಾಕಬೇಡಿ. ‘ನೀನು ಮಾಡಿದ್ದರಲ್ಲಿ ತಪ್ಪಿದ್ದರೆ ಅದನ್ನು ಸರಿಪಡಿಸೋಣ, ಆದರೆ ನನಗೆ ನಡೆದದ್ದು ಗೊತ್ತಿರಬೇಕು’ ಎಂಬಷ್ಟು ಭರವಸೆ ಅವನಿಗೆ ಸಾಕು.

ಹೀಗೆ ಕೇಳುವಾಗ ಮಕ್ಕಳ ಬಾಯಿಂದ ಅತಿ ಹೆಚ್ಚಾಗಿ ಬರುವ ಮಾತು ‘ನಾನು ಏನೂ ಮಾಡಲಿಲ್ಲ, ಬರೀ ನಕ್ಕೆ’ ಎಂಬುದು. ನನ್ನ ತರಗತಿಯಲ್ಲೇ ಒಬ್ಬ ಹುಡುಗ ಉತ್ತರ ಹೇಳಲು ಎದ್ದು ನಿಂತಾಗಲೆಲ್ಲ ಹಿಂದಿನ ಬೆಂಚಿನಿಂದ ಯಾರೋ ಸಣ್ಣಗೆ ಕೆಮ್ಮುತ್ತಿದ್ದರು, ಇನ್ನಿಬ್ಬರು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಒಂದು ಕೆಮ್ಮಿನ ಮೇಲೆ ಯಾರು ದೂರು ಕೊಡುತ್ತಾರೆ? ಆದರೆ ಆ ಹುಡುಗ ಕ್ರಮೇಣ ಕೈ ಎತ್ತುವುದನ್ನೇ ನಿಲ್ಲಿಸಿದ. ಫಿನ್‌ಲೆಂಡಿನ ಮನೋವಿಜ್ಞಾನಿ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿರುಕುಳ ಶುರುಮಾಡುವವನಲ್ಲದೆ ಅವನಿಗೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಸುಮ್ಮನೆ ದೂರ ಉಳಿಯುವವರು, ನೊಂದವನ ಪರ ನಿಲ್ಲುವವರು ಎಂದು ಇಡೀ ತರಗತಿಯ ಪಾತ್ರಗಳನ್ನು ಗುರುತಿಸಿದ್ದಾರೆ. ನಗುವುದೂ ಅಲ್ಲಿ ಒಂದು ಪಾತ್ರವೇ. ನಿಮ್ಮ ಮಗ ಯಾವ ಜಾಗದಲ್ಲಿದ್ದ ಎಂಬುದು ತಿಳಿದರೆ, ಅವನು ನಿರಪರಾಧಿಯೋ ದುಷ್ಟನೋ ಎಂಬ ಎರಡೇ ಆಯ್ಕೆಗಳ ನಡುವೆ ನೀವು ಒದ್ದಾಡಬೇಕಾಗುವುದಿಲ್ಲ.

ಯಜಮಾನರ ಅನುಮಾನವನ್ನೂ ನಾನು ತಳ್ಳಿಹಾಕುವುದಿಲ್ಲ, ಏಕೆಂದರೆ ದೂರುಗಳು ತಪ್ಪಾಗುವುದೂ ಉಂಟು. ಮಕ್ಕಳ ನಡುವಿನ ಕಿರುಕುಳದ ಅಧ್ಯಯನಕ್ಕೆ 1970ರ ದಶಕದಲ್ಲಿ ತಳಹದಿ ಹಾಕಿದ ಮನೋವಿಜ್ಞಾನಿ ಡಾನ್ ಓಲ್ವೆಯಸ್ ಕಿರುಕುಳಕ್ಕೆ ಮೂರು ಲಕ್ಷಣಗಳನ್ನು ಹೇಳಿದ್ದಾರೆ: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಮತ್ತು ಇಬ್ಬರ ನಡುವೆ ಬಲದ ಅಂತರ. ಸರಿಸಮಾನರಾದ ಇಬ್ಬರು ಒಮ್ಮೆ ಜಗಳವಾಡಿದರೆ ಅದು ಜಗಳ. ಮೂವರು ಸೇರಿ ಒಬ್ಬನನ್ನು ಬಹಳ ದಿನ ಕಾಡಿಸಿದ್ದರೆ, ಅದನ್ನು ತಮಾಷೆ ಎಂದು ಕರೆಯುವ ಹಕ್ಕು ಆ ಒಬ್ಬನಿಗೆ ಮಾತ್ರ ಇದೆ ಎಂದು ನಾನು ನಂಬುತ್ತೇನೆ. ಆದ್ದರಿಂದ ಭೇಟಿಯಲ್ಲಿ ಏನು ನಡೆಯಿತು, ಎಲ್ಲಿ, ಎಷ್ಟು ಸಲ, ಯಾರು ಕಣ್ಣಾರೆ ಕಂಡರು ಎಂದು ವಿನಯದಿಂದ ಕೇಳಿ ಬರೆದುಕೊಳ್ಳಿ. ನಿಮ್ಮ ಮಗ ಹೇಳಿದ್ದನ್ನೂ ದಾಖಲಿಸಿಕೊಳ್ಳುವಂತೆ ಹೇಳಿ. ಅವನಿಗೆ ‘ಪುಂಡ’ ಎಂಬ ಹಣೆಪಟ್ಟಿ ಹಚ್ಚುವ ಬದಲು ಅವನು ಮಾಡಿದ ಕೆಲಸವನ್ನಷ್ಟೇ ಹೆಸರಿಸಿ ಎಂದು ಕೇಳುವ ಅಧಿಕಾರ ನಿಮಗಿದೆ. ದೂರು ಕೊಟ್ಟವರು ಯಾರು ಎಂದು ಮಾತ್ರ ಪಟ್ಟುಹಿಡಿಯಬೇಡಿ, ಆ ಮನೆಯವರಿಗೆ ನೇರವಾಗಿ ಫೋನ್ ಮಾಡಲೂ ಬೇಡಿ. ಫೋನಿನಲ್ಲಿ ಸಂದೇಶಗಳಿದ್ದರೆ, ಎಷ್ಟೇ ಮುಜುಗರವಾದರೂ ಅಳಿಸಬೇಡಿ.

ದೂರು ನಿಜವೆಂದು ಕಂಡುಬಂದರೆ ಹೊಡೆದು ಬುದ್ಧಿ ಕಲಿಸಲು ಹೋಗಬೇಡಿ. ಬಲಶಾಲಿಯಾದವನು ಕೈ ಮಾಡಬಹುದು ಎಂಬುದನ್ನೇ ಅವನು ಮನೆಯಲ್ಲಿಯೂ ಕಲಿತಂತಾಗುತ್ತದೆ. ಎಲ್ಲರೆದುರು ಕ್ಷಮೆ ಕೇಳಿಸುವುದನ್ನೂ ನಾನು ಒಪ್ಪುವುದಿಲ್ಲ: ನೊಂದ ಹುಡುಗ ಇಡೀ ತರಗತಿಯ ಮುಂದೆ ಇನ್ನೊಮ್ಮೆ ನಿಲ್ಲಬೇಕಾಗುತ್ತದೆ, ಇಷ್ಟವಿಲ್ಲದಿದ್ದರೂ ತಲೆಯಾಡಿಸಬೇಕಾಗುತ್ತದೆ. ಮೊದಲು ಆ ಹುಡುಗನಿಗೆ ಏನು ಬೇಕೆಂದು ಶಿಕ್ಷಕರು ಅವನನ್ನೇ ಪ್ರತ್ಯೇಕವಾಗಿ ಕೇಳಲಿ. ಅವನಿಗೆ ನಿಮ್ಮ ಮಗ ಸ್ವಲ್ಪ ಕಾಲ ಹತ್ತಿರ ಬಾರದಿದ್ದರೆ ಸಾಕು ಎನಿಸಿದರೆ, ಅಷ್ಟನ್ನೇ ನಿಷ್ಠೆಯಿಂದ ಮಾಡಿಸಿ. ಕಿತ್ತುಕೊಂಡದ್ದನ್ನು, ಹಾಳು ಮಾಡಿದ್ದನ್ನು ನಿಮ್ಮ ಮಗ ಹಿಂದಿರುಗಿಸಬೇಕು.

ಇತರರನ್ನು ಕಾಡಿಸುವ ಮಕ್ಕಳಲ್ಲಿ ಕೆಲವರನ್ನು ಬೇರೆ ಯಾರೋ ಕಾಡಿಸುತ್ತಿರುತ್ತಾರೆ ಎಂಬುದನ್ನೂ ನೆನಪಿಡಿ. ನಿಮ್ಮ ಮಗನ ವಿಷಯದಲ್ಲಿ ಹಾಗಿದ್ದರೆ ಅದನ್ನು ಶಾಲೆಗೆ ಖಂಡಿತ ತಿಳಿಸಿ, ಆದರೆ ಅದೇ ಭೇಟಿಯಲ್ಲಿ ಈ ದೂರಿಗೆ ಉತ್ತರವೆಂಬಂತೆ ಹೇಳಬೇಡಿ; ಬೇರೆ ದಿನ, ಬೇರೆಯದೇ ದೂರಾಗಿ ಕೊಡಿ, ಆಗ ಎರಡನ್ನೂ ಶಾಲೆಯವರು ಗಂಭೀರವಾಗಿ ವಿಚಾರಿಸಲು ಸಾಧ್ಯವಾಗುತ್ತದೆ.