ಗೋಲ್‌ಕೀಪರ್ ಮಗನಿಗೆ ಯುರೋಪ್ ಯಾವಾಗ?

ಪ್ರಶ್ನೆ: ಹದಿನೇಳು ವರ್ಷದ ನನ್ನ ಮಗ ಒಳ್ಳೆಯ ಗೋಲ್‌ಕೀಪರ್. ಅವನನ್ನು ಈಗಲೇ ಯುರೋಪಿನ ಕ್ಲಬ್ಬಿಗೆ ಕಳುಹಿಸಬಹುದೇ?
– ಓದುಗರೊಬ್ಬರು, ಸಿರುಗುಪ್ಪ, ಬಳ್ಳಾರಿ ಜಿಲ್ಲೆ

ಉತ್ತರ: ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ನಿಯಮದಂತೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 18 ತುಂಬದ ಆಟಗಾರ ಬೇರೆ ದೇಶದ ಕ್ಲಬ್ಬಿಗೆ ವರ್ಗವಾಗುವಂತಿಲ್ಲ. ಹಾಗಾಗಿ ಈಗಲೇ ಹಣ ಕೇಳುವ ಮಧ್ಯವರ್ತಿ ಬಂದರೆ ಅವನನ್ನು ಹೊಸ್ತಿಲಾಚೆಯೇ ನಿಲ್ಲಿಸಿ. ಹೋದ ಮೇಲೂ ಕಾಯಬೇಕಾಗುತ್ತದೆ. 2014ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಬಿಟ್ಟು ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿದ ಭಾರತದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರಿಗೆ ಅಲ್ಲಿನ ಲೀಗ್‌ನಲ್ಲಿ ಮೊದಲ ಪಂದ್ಯ ಸಿಕ್ಕಿದ್ದು 2016ರಲ್ಲಿ, 24ನೆಯ ವಯಸ್ಸಿನಲ್ಲಿ. ಅದೇ ವರ್ಷ ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಯುರೋಪಾ ಲೀಗ್‌ನ ಅರ್ಹತಾ ಸುತ್ತಿನಲ್ಲೂ ಆಡಿದ ಅವರು 2017ರಲ್ಲಿ ಬೆಂಗಳೂರು ಎಫ್‌ಸಿ ಸೇರಿದರು. ಕಣದಲ್ಲಿ ಗೋಲ್‌ಕೀಪರ್‌ಗೆ ಇರುವುದು ಒಂದೇ ಸ್ಥಾನ. ಮುನ್ಪಡೆಯ ಆಟಗಾರನಂತೆ ಅವನನ್ನು ಕೊನೆಯ ಹತ್ತು ನಿಮಿಷಕ್ಕೆ ಇಳಿಸಿ ನೋಡುವವರು ಅಪರೂಪ. ಬಳ್ಳಾರಿಯ ಬಿಸಿಲಿಗೆ ಒಗ್ಗಿದವನಿಗೆ ಅಲ್ಲಿನ ಚಳಿಗಿಂತ ಬದಲಿ ಆಟಗಾರರ ಬೆಂಚಿನಲ್ಲಿ ಕೂತು ಕಾಯುವುದೇ ಹೆಚ್ಚು ಕಾಡೀತು. ಸದ್ಯಕ್ಕೆ ಇಲ್ಲಿಯೇ ಹೆಚ್ಚು ಪಂದ್ಯಗಳನ್ನು ಆಡಲಿ.