ಲೋಕ ಒಂದೇ ಆದರೆ ಧಾಟಿಯೂ ಒಂದೇ ಇರಬೇಕೇ?

ಪ್ರಶ್ನೆ: ಬೀದರ್ ಕೋಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಂತ್ರಿಕರ ರಾಜ್ಯವೊಂದನ್ನು ಕಲ್ಪಿಸಿ, ಅದರಲ್ಲಿ ಒಂದು ಯುದ್ಧದ ಕಥೆಯನ್ನೂ ಒಂದು ಹಾಸ್ಯ ಕಥೆಯನ್ನೂ ಬರೆದಿದ್ದೇನೆ. ಲೋಕ ಒಂದೇ ಆದ ಮೇಲೆ ಧಾಟಿಯೂ ಒಂದೇ ಇರಬೇಕೆಂದು ಗೆಳೆಯರೊಬ್ಬರು ಆಕ್ಷೇಪಿಸುತ್ತಾರೆ; ಅದೇ ರಾಜ್ಯದಲ್ಲಿ ತಾವೂ ಕಥೆ ಬರೆಯುತ್ತೇನೆ ಎನ್ನುತ್ತಾರೆ. ಒಪ್ಪಬಹುದೇ?
– ಓದುಗರೊಬ್ಬರು, ಬೀದರ್

ಉತ್ತರ: ಆಕ್ಷೇಪವನ್ನು ಬಿಡಿ, ಗೆಳೆಯರನ್ನು ಒಳಗೆ ಕರೆದುಕೊಳ್ಳಿ. ಕನ್ನಡ ಕವಿಗಳಿಗೆ ಮಹಾಭಾರತವೇ ಹಾಗೆ ಹಲವರು ಕೂಡಿ ಬಾಳಿದ ಲೋಕವಾಗಿತ್ತು. 10ನೆಯ ಶತಮಾನದಲ್ಲಿ ಪಂಪ ಅರ್ಜುನನನ್ನು ನಾಯಕನನ್ನಾಗಿ ಮಾಡಿ ದ್ರೌಪದಿಯನ್ನು ಅವನೊಬ್ಬನಿಗೇ ಮಡದಿಯಾಗಿಸಿದ. ಅದೇ ಶತಮಾನದ ಕೊನೆಯ ಹೊತ್ತಿಗೆ ರನ್ನ ಭೀಮನನ್ನು ಮುಂದೆ ತಂದು, ಕಡೆಯ ಗದಾಯುದ್ಧವೊಂದನ್ನೇ ಹಿಡಿದುಕೊಂಡು, ಹಿಂದಿನದನ್ನೆಲ್ಲ ಅದರೊಳಗೇ ತಿರುಗಿ ನೋಡುವಂತೆ ಹೆಣೆದ. ಕುಮಾರವ್ಯಾಸನಲ್ಲಿ ಕೃಷ್ಣನೇ ಕಥೆಯ ಜೀವವಾದ. ಆದರೂ ಕುರುಕ್ಷೇತ್ರವನ್ನು ಯಾರೂ ತಪ್ಪಿಸಲಿಲ್ಲ.

ತಮ್ಮ ಊರಿನ ನೌಬಾದಿನಲ್ಲಿರುವ ಸುರಂಗ ಬಾವಿಯನ್ನೇ ತೆಗೆದುಕೊಳ್ಳಿ. ಬಹಮನಿ ಸುಲ್ತಾನರ ಕಾಲದಲ್ಲಿ ಕಲ್ಲು ಕೊರೆದು ಮಾಡಿದ ಆ ನೆಲದಡಿಯ ಕಾಲುವೆಯಲ್ಲಿ ನೀರು ಇಳಿಜಾರಿನ ಬಲದಿಂದಲೇ ಹರಿಯುವಂತಿದ್ದು, ಗಾಳಿ ಬೆಳಕಿಗೆಂದು ಮೇಲಿನಿಂದ ಅಲ್ಲಲ್ಲಿ ಬಾವಿಯಂಥ ಕಂಡಿಗಳನ್ನು ಬಿಟ್ಟಿದ್ದಾರೆ. ತಮ್ಮ ರಾಜ್ಯದ ನೀರೆಲ್ಲ ಹೀಗೆ ನೆಲದಡಿಯಲ್ಲೇ ಬರುತ್ತದೆಂದೂ, ಮಂತ್ರ ಹಾಕಿದಾಗಲೆಲ್ಲ ಅದು ಒಂದು ಗೇಣು ಇಳಿಯುತ್ತದೆಂದೂ ನಿಶ್ಚಯಿಸಿದಿರೆನ್ನಿ. ಮುತ್ತಿಗೆ ಹಾಕಿದ ಸೇನಾಪತಿಗೆ ಆ ಕಂಡಿಯೇ ಕೋಟೆಯ ಗುಟ್ಟಿನ ಬಾಗಿಲು; ಹೂಳು ತೆಗೆಯುವವನಿಗೆ ನಿತ್ಯದ ಕೂಲಿ; ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರಿಗೆ ಆಸ್ಥಾನದ ಮಾಂತ್ರಿಕನನ್ನು ಶಪಿಸಲು ದಿನಕ್ಕೊಂದು ನೆಪ. ಮೊದಲನೆಯದು ಯುದ್ಧದ ಕಥೆಯಾದರೆ ಕೊನೆಯದು ನಗೆಯ ಕಥೆಯಾಗುತ್ತದೆ, ನಿಯಮ ಮಾತ್ರ ಎರಡರಲ್ಲೂ ಅದೇ.

ನೀರು, ಮಂತ್ರಕ್ಕೆ ತೆರಬೇಕಾದ ಬೆಲೆ, ಊರಿಂದೂರಿಗೆ ಪಯಣದ ದಿನಗಳು, ಇಷ್ಟನ್ನು ಒಂದೆರಡು ಪುಟದಲ್ಲಿ ಬರೆದಿಟ್ಟುಕೊಂಡರೆ ಸಾಕು. ಅರಸರ ವಂಶಾವಳಿಯನ್ನು ತುಂಬಿಸುತ್ತ ಕುಳಿತವರು ಕಥೆಗೆ ಕೈ ಹಾಕುವುದು ಅಪರೂಪ ಎಂದು ನನ್ನ ಅನಿಸಿಕೆ. ಒಂದೇ ಯುದ್ಧವನ್ನು ಇಬ್ಬರು ಪಾತ್ರಗಳು ಬೇರೆ ಬೇರೆಯಾಗಿ ನೆನೆಯುವುದು ದೋಷವಲ್ಲ. ಆದರೆ ನೀರು ಒಂದು ಕಥೆಯಲ್ಲಿ ಇಳಿದು ಇನ್ನೊಂದರಲ್ಲಿ ಕಾರಣವಿಲ್ಲದೆ ಏರಿದರೆ ಓದುಗರು ನಂಬುವುದನ್ನು ಬಿಡುತ್ತಾರೆ.

ಗೆಳೆಯರೊಡನೆ ಮೊದಲೇ ಮಾತಾಡಿಕೊಳ್ಳಬೇಕಾದದ್ದು ಸಾವಿನ ವಿಷಯ. ತಾವು ಮುಂದಿನ ಕಥೆಗೆಂದು ಕಾಯ್ದಿಟ್ಟ ಪಾತ್ರವನ್ನು ಅವರು ಕೊಂದುಬಿಟ್ಟರೆ ಮುನಿಸು ಖಂಡಿತ. ಆದ್ದರಿಂದ ಒಬ್ಬರ ಪಾತ್ರವನ್ನು ಇನ್ನೊಬ್ಬರು ನಡೆಸಬಹುದು, ನುಡಿಸಬಹುದು, ಕೇಳದೆ ಕೊಲ್ಲಬಾರದು ಎಂದಿಟ್ಟುಕೊಳ್ಳಿ. ಕಥೆಗಳು ಪುಸ್ತಕವಾಗುವುದಿದ್ದರೆ ಯಾವುದು ಯಾರದೆಂದು ಬರೆದು ಇಬ್ಬರೂ ಸಹಿ ಹಾಕಿ. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ಲೇಖಕರ ಕಾಲಾನಂತರವೂ 60 ವರ್ಷ ಉಳಿಯುವುದರಿಂದ, ಬಾಯಿಮಾತಿನ ಒಪ್ಪಂದವನ್ನು ನೆನಪಿಸಲು ಆಗ ಇಬ್ಬರೂ ಇರುವುದಿಲ್ಲ.