ಬ್ರಿಟನ್ನಿನ ಊರುಗಳ ಯುದ್ಧಸ್ಮಾರಕಗಳಲ್ಲಿ ಮಡಿದ ಕೆಲವರ ಹೆಸರು ಏಕಿಲ್ಲ? ಸ್ಥಳೀಯ ಇತಿಹಾಸ ಸಂಘಗಳು ಅವರನ್ನು ಹೇಗೆ ಗುರುತಿಸುತ್ತವೆ?
ಮುಖ್ಯ ಕಾರಣವೆಂದರೆ, ಮೊದಲ ಮಹಾಯುದ್ಧದ ಈ ಸ್ಮಾರಕಗಳ ಹೆಸರುಪಟ್ಟಿಯನ್ನು ಸರ್ಕಾರ ಸಿದ್ಧಪಡಿಸಿರಲಿಲ್ಲ. ಮಡಿದವರ ದೇಹಗಳನ್ನು ತಾಯ್ನಾಡಿಗೆ ತರಲು 1915ರಿಂದ ಅವಕಾಶವಿಲ್ಲದ್ದರಿಂದ ಊರಿನ ಸ್ಮಾರಕವೇ ಕುಟುಂಬಗಳ ಪಾಲಿಗೆ ಸಮಾಧಿಯಾಯಿತು. ಊರವರು ಸಮಿತಿ ರಚಿಸಿ, ಚಂದಾ ಎತ್ತಿ, ಯಾರ ಹೆಸರು ಸೇರಬೇಕೆಂದು ತಾವೇ ತೀರ್ಮಾನಿಸಿದರು. ಆ ವೇಳೆಗೆ ಬೇರೆಡೆಗೆ ಹೋಗಿದ್ದ ಕುಟುಂಬದವನು, ಗಾಯದಿಂದ ನರಳಿ ತಡವಾಗಿ ಸತ್ತವನು ಇಲ್ಲಿ ಬಿಟ್ಟುಹೋಗುವುದು ಸುಲಭವಾಗಿತ್ತು. ಪಲಾಯನದಂಥ ಆರೋಪದ ಮೇಲೆ ಸ್ವಂತ ಸೇನೆಯ ಗುಂಡಿಗೆ ಬಲಿಯಾದ ಕೆಲವರ ಹೆಸರುಗಳೂ ಹೊರಗುಳಿದವು. ಅಂಥ 306 ಮಂದಿಗೆ 2006ರಲ್ಲಿ ಕ್ಷಮಾದಾನ ದೊರೆಯಿತು, ಬಹಳ ತಡವಾಗಿ ಎಂದೇ ನನ್ನ ಭಾವನೆ.

ಸಂಘಗಳು ಸಾಮಾನ್ಯವಾಗಿ 1911ರ ಜನಗಣತಿ, ಚರ್ಚಿನ ದಾಖಲೆ, ಅಂದಿನ ಸ್ಥಳೀಯ ಪತ್ರಿಕೆ ಹಾಗೂ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿಗಳನ್ನು ಹೋಲಿಸುತ್ತವೆ. ಸೇವಾ ಕಡತಗಳನ್ನಷ್ಟೇ ನೆಚ್ಚುವಂತಿಲ್ಲ, ಏಕೆಂದರೆ 1940ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಸಾಮಾನ್ಯ ಸೈನಿಕರ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು. ಆಯೋಗವು ಮೊದಲ ಯುದ್ಧದ ಮೃತರನ್ನು 1921ರ ಆಗಸ್ಟ್ 31ರವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ, ಶಾಂತಿ ಒಪ್ಪಂದದ ನಂತರದ ಸಾವುಗಳನ್ನೂ ಅಲ್ಲಿ ಹುಡುಕಬೇಕು. ಹೆಸರೊಂದು ಖಚಿತವಾದರೂ ಅದನ್ನು ಕಲ್ಲಿನಲ್ಲಿ ಕೆತ್ತಲು ಸ್ಮಾರಕದ ಉಸ್ತುವಾರಿ ಹೊತ್ತವರ ಒಪ್ಪಿಗೆ ಬೇಕು. ಸ್ಮಾರಕವು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದ್ದರೆ ಯೋಜನಾ ಪ್ರಾಧಿಕಾರದ ಅನುಮತಿಯೂ ಬೇಕಾಗಬಹುದು.